ಐತಿಹಾಸಿಕ ಉದ್ಯಾನದ ದಾರಿ ಮತ್ತು ನೆಲ: ಕಬ್ಬನ್ ಪಾರ್ಕಿನ ಒಂದು ವಿವೇಚನೆ

ಕೆಲವು ವರ್ಷಗಳ ಹಿಂದೆ ಬೈಲಹೊಂಗಲ ಹಾಗೂ ಸವದತ್ತಿ ಭಾಗದ ಪದವಿ ತರಗತಿಯ ವಿದ್ಯಾರ್ಥಿಗಳೊಡನೆ ಸಹಲಿನ ನಿಮಿತ್ತ ಬೆಂಗಳೂರಿಗೆ ಹೋಗುವ ಪ್ರಸಂಗ ನನಗೆ ಒದಗಿತ್ತು. ಊರು ಮುಟ್ಟಿದ ದಿನ ರವಿವಾರ. ಮುಂಜಾನೆ ಎಲ್ಲರೂ ಕೂಡಿ ಕಬ್ಬನ್ ಪಾರ್ಕಿಗೆ ಹೋದೆವು. ಅಂದು ಅದರೊಳಗಿನ ದಾರಿಗಳಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿರಲಿಲ್ಲ. ಮಕ್ಕಳು ದಾರಿಯ ನಟ್ಟನಡುವೆ ಸೈಕಲ್ಲು ತುಳಿಯುತ್ತಿದ್ದರು. ವೃದ್ಧರು ಮರದ ನೆರಳಿನಲ್ಲಿ ಕುಳಿತು ಮಾತನಾಡುತ್ತಿದ್ದರು. ಬಿದಿರ ಮೆಳೆಯೊಳಗಿನ ಹಕ್ಕಿಗಳ ದನಿ ದಾರಿಯವರೆಗೂ ಕೇಳುತ್ತಿತ್ತು. ಮಂಗಳವಾರ ರಾಜ್ಯ ಕೇಂದ್ರ ಗ್ರಂಥಾಲಯವನ್ನು ನೋಡಲೆಂದು ಮತ್ತೆ ಅಲ್ಲಿಗೇ ಬಂದೆವು. ಅದೇ ದಾರಿಯನ್ನು ದಾಟಲು ಬಹಳ ಹೊತ್ತು ಕಾದು ನಿಲ್ಲಬೇಕಾಯಿತು. ಆಗ ಹುಡುಗನೊಬ್ಬ, “ಸರ್, ಇದ್ರಾಗ ಖರೇ ತ್ವಾಟ ಯಾವ್ದ್ರಿ? ರವಿವಾರ ನೋಡಿದ್ದೋ, ಇವತ್ತಿಂದೋ?” ಎಂದು ಕೇಳಿದನು.

“ರವಿವಾರದ್ದೇ” ಎಂದು ನಾನು ಕೂಡಲೆ ಹೇಳಿಬಿಟ್ಟೆ. ಇತಿಹಾಸದ ಅಧ್ಯಾಪಕನು ಇಷ್ಟು ಅವಸರದಿಂದ ಉತ್ತರ ಕೊಡಬಾರದಾಗಿತ್ತು. ಆ ಪ್ರಶ್ನೆಯನ್ನು ಬೆನ್ನು ಹತ್ತಿ ಹೋದಂತೆ, ಎರಡೂ ದಿನ ನಾವು ಕಂಡದ್ದು ಉದ್ಯಾನದ ಅರ್ಧ ರೂಪವನ್ನು ಮಾತ್ರವೆಂಬದು ನನಗೆ ಮನವರಿಕೆಯಾಯಿತು. ದಾರಿಯನ್ನು ಮುಚ್ಚುವದು ಬೇರೆ, ದಾರಿಯಿಂದ ನೆಲವನ್ನು ಮರಳಿ ಪಡೆಯುವದು ಬೇರೆ. ಮೊದಲನೆಯದರಿಂದ ಮನುಷ್ಯನಿಗೆ ವಿಶ್ರಾಂತಿ ದೊರೆಯುತ್ತದೆ. ಎರಡನೆಯದಿಲ್ಲದೆ ಗಿಡ-ಮರ, ಪಶು-ಪಕ್ಷಿಗಳ ನೆಲೆ ಮರಳಿ ಬರುವದಿಲ್ಲ. ಈ ಭೇದವನ್ನು ಕಬ್ಬನ್ ಪಾರ್ಕಿನ ಇತಿಹಾಸದ ಆಧಾರದಿಂದ ಸ್ಪಷ್ಟಪಡಿಸುವದೂ, ಅದರಿಂದ ನಮ್ಮ ಕಿತ್ತೂರು, ಸವದತ್ತಿಗಳಂಥ ಊರುಗಳಿಗೆ ದೊರೆಯಬಹುದಾದ ಪಾಠವನ್ನು ಸೂಚಿಸುವದೂ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಉದ್ಯಾನದ ಹುಟ್ಟು

ಕಬ್ಬನ್ ಪಾರ್ಕು 1870ರಲ್ಲಿ ರೂಪುಗೊಂಡಿತು. ಆಗ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಶನರರ ಆಡಳಿತದಲ್ಲಿದ್ದಿತು. ಸಂಸ್ಥಾನದ ಮುಖ್ಯ ಇಂಜಿನಿಯರನಾಗಿದ್ದ ರಿಚರ್ಡ್ ಸ್ಯಾಂಕಿಯು ಇದರ ವಿನ್ಯಾಸವನ್ನು ಹಾಕಿದನು. ಮೊದಲು ಇದಕ್ಕೆ ಕಮಿಶನರ ಮೀಡ್‌ನ ಹೆಸರಿತ್ತು. ಆಮೇಲೆ, 1834ರಿಂದ 1861ರವರೆಗೆ ಕಮಿಶನರನಾಗಿದ್ದ ಮಾರ್ಕ್ ಕಬ್ಬನ್ನನ ಹೆಸರು ರೂಢವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯ ರಜತ ಮಹೋತ್ಸವದ ಸಂದರ್ಭದಲ್ಲಿ, 1927ರಲ್ಲಿ, ಇದನ್ನು ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಕರೆದರು. ಕಾಗದ-ಪತ್ರಗಳಲ್ಲಿ ಈ ಹೆಸರು ನಿಂತಿದ್ದರೂ ಜನರ ಬಾಯಲ್ಲಿ ಹಳೆಯದೇ ಉಳಿದಿದೆ.

ಮೊದಲು 100 ಎಕರೆಗಳಷ್ಟಿದ್ದ ಈ ಉದ್ಯಾನವು ಕ್ರಮೇಣ 300 ಎಕರೆಗಳವರೆಗೆ ಬೆಳೆದು, ಮುಂದೆ ಕಟ್ಟಡ ಮತ್ತು ರಸ್ತೆಗಳಿಗೆ ಎಡೆಗೊಟ್ಟು ಕುಗ್ಗಿತು. ಈಗ ಇದರ ವಿಸ್ತೀರ್ಣವನ್ನು ಸಾಮಾನ್ಯವಾಗಿ 197 ಎಕರೆ ಎಂದು ಹೇಳುವರು. ಇಂಥ ಕುಗ್ಗುವಿಕೆಯನ್ನು ತಡೆಯಲೆಂದು 1975ರಲ್ಲಿ ಸರಕಾರಿ ಉದ್ಯಾನಗಳ ಸಂರಕ್ಷಣೆಯ ಕಾಯದೆಯು ಬಂದಿತು. ಅದಾದ ಮೇಲೆಯೂ 1998ರಲ್ಲಿ ಉದ್ಯಾನದ ಎಲ್ಲೆಯನ್ನು ಕಡಿಮೆ ಮಾಡುವ ಪ್ರಶ್ನೆ ಎದ್ದಾಗ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ಎಲ್ಲೆಯ ರಕ್ಷಣೆಗಾಗಿ ಕಾಯದೆಯಿದೆ, ಜನರ ಎಚ್ಚರವೂ ಇದೆ. ಆದರೆ ಎಲ್ಲೆಯೊಳಗಿನ ನೆಲವನ್ನು ಚಕ್ರವು ಸವೆಸುವದು ಯಾರ ಕಣ್ಣಿಗೂ ಅಷ್ಟಾಗಿ ಬೀಳುವದಿಲ್ಲ.

ಒಂದು ಸಂಗತಿಯನ್ನು ಇಲ್ಲಿ ಲಕ್ಷ್ಯದಲ್ಲಿಡಬೇಕು. ಈ ಉದ್ಯಾನವು ಊರ ಗದ್ದಲದಿಂದ ದೂರವಿರುವ ಏಕಾಂತ ಸ್ಥಳವಾಗಿ ಹುಟ್ಟಲಿಲ್ಲ. ಇದರ ಅಂಚಿಗಿರುವ ಕೆಂಪು ಕಟ್ಟಡವು, ಎಂದರೆ ಇಂದು ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯು, 1868ರಲ್ಲಿಯೇ ಪೂರ್ಣವಾಗಿತ್ತು. ಸಂಸ್ಥಾನದ 18 ಇಲಾಖೆಗಳು ಅಲ್ಲಿ ನೆಲೆಸಿದ್ದುದರಿಂದ ಅದಕ್ಕೆ ಆ ಹೆಸರು. ಕಚೇರಿ ಮೊದಲು, ತೋಟ ಅನಂತರ. ಆದ್ದರಿಂದ ಉದ್ಯಾನದ ದಾರಿಗಳು ವಿಹಾರದ ದಾರಿಗಳಾಗಿದ್ದಂತೆಯೇ ಕಚೇರಿಯ ಅಂಗಳದ ದಾರಿಗಳೂ ಆಗಿದ್ದವು. “ತೋಟದೊಳಗೆ ದಾರಿ ಮೊದಲಿನಿಂದಲೂ ಇದೆ” ಎಂದು ವಾಹನಗಳ ಪರವಾಗಿ ವಾದಿಸುವವರ ಮಾತು ಈ ಮಟ್ಟಿಗೆ ನಿಜವೇ. ಆದರೆ ದಾರಿ ಇದ್ದಿತೆಂಬದರಿಂದ ಇಂದಿನ ಸಂಚಾರವೂ ಇದ್ದಿತೆಂದು ಆಗಲಾರದು.

2. ದಾರಿ ಬದಲಾದ ಬಗೆ

1870ರ ದಾರಿಯ ಮೇಲೆ ಓಡಾಡಿದವು ಸಾರೋಟು, ಜಟಕಾ ಮತ್ತು ಕುದುರೆಗಳು. ಡಾಂಬರು ಬರುವ ಮೊದಲಿನ ಕಾಲವದು. ಅಂದಿನ ದಾರಿಯು ನೆಲದ ಏರಿಳಿತವನ್ನು ಅನುಸರಿಸಿ, ಬಂಡೆಯನ್ನು ಬಳಸಿಕೊಂಡು ಬಾಗುತ್ತ ಸಾಗುತ್ತಿತ್ತು. ಬಾಗಿದ ದಾರಿಯಲ್ಲಿ ಹೋಗುವವನಿಗೆ ಪ್ರತಿ ತಿರುವಿನಲ್ಲಿಯೂ ಹೊಸದೊಂದು ನೋಟ ತೆರೆಯಬೇಕು ಎಂಬದು ಆ ಕಾಲದ ಉದ್ಯಾನಶಿಲ್ಪದ ತತ್ತ್ವ. ಅಲ್ಲಿ ವೇಗಕ್ಕೆ ಬೆಲೆಯಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದ ಕಾರಣಗಳಲ್ಲಿ ಮೋಟಾರಿನ ಆಗಮನವೊಂದೇ ಮುಖ್ಯವಲ್ಲ. ಊರಿನ ರಚನೆಯೂ ಅಷ್ಟೇ ಮುಖ್ಯವಾದುದು. ಹತ್ತೊಂಬತ್ತನೆಯ ಶತಮಾನದ ಬೆಂಗಳೂರು ಒಂದು ಊರಾಗಿರಲಿಲ್ಲ. ಪಶ್ಚಿಮಕ್ಕೆ ಹಳೆಯ ಪೇಟೆ, ಪೂರ್ವಕ್ಕೆ ಬ್ರಿಟಿಷರ ದಂಡು. ಎರಡಕ್ಕೂ ಬೇರೆ ಬೇರೆ ಪುರಸಭೆಗಳು. ಕಬ್ಬನ್ ಪಾರ್ಕು ಇವೆರಡರ ನಡುವೆ ಹಾಸಿದ ಹಸಿರು ಎಲ್ಲೆಯಂತಿತ್ತು. 1949ರಲ್ಲಿ ಎರಡೂ ಪುರಸಭೆಗಳು ಕೂಡಿ ಒಂದೇ ಕಾರ್ಪೋರೇಶನ್ನು ಆಯಿತು. ಎರಡು ಊರುಗಳ ಅಂಚಾಗಿದ್ದ ನೆಲವು ಒಂದು ಊರಿನ ನಡುವಾಯಿತು. 1956ರಲ್ಲಿ ವಿಧಾನಸೌಧವು ಪೂರ್ಣಗೊಂಡು, ಅದರ ಸುತ್ತ ಸರಕಾರಿ ಕಚೇರಿಗಳು ಹೆಚ್ಚಿದವು. ಹೀಗೆ, ಜನರನ್ನು ಬೇರ್ಪಡಿಸಲು ನೆರವಾಗಿದ್ದ ತೋಟವೇ ಜನರು ದಾಟಿ ಹೋಗಲೇಬೇಕಾದ ಅಡ್ಡದಾರಿಯಾಯಿತು. ಉದ್ಯಾನದೊಳಗೆ ಕೆಲಸವಿಲ್ಲದವನೂ ಅದರೊಳಗಿಂದ ಹಾಯತೊಡಗಿದನು.

ಇದು ಯಾರೊಬ್ಬರ ತಪ್ಪೂ ಅಲ್ಲ. ಒಂದಾದ ಊರಿಗೆ ದಾಟುವ ದಾರಿ ಬೇಕಾಗಿತ್ತು. ಸಿದ್ಧವಾದ ದಾರಿಯೊಂದು ತೋಟದೊಳಗೆ ಸಿಕ್ಕಿತು. ಆದರೆ ಕಾರಣವು ತಿಳಿದ ಮೇಲೆ ಪರಿಹಾರದ ದಿಕ್ಕೂ ತಿಳಿಯುತ್ತದೆ. ಉದ್ಯಾನಕ್ಕೆ ಬರುವ ವಾಹನ ಬೇರೆ. ಉದ್ಯಾನವನ್ನು ಹಾದು ಹೋಗುವ ವಾಹನ ಬೇರೆ. ಇವೆರಡನ್ನೂ ಒಂದೇ ಎಂದು ಎಣಿಸಿ ನಡೆಸುವ ಚರ್ಚೆ ಎಂದೂ ಮುಗಿಯಲಾರದು.

3. ದಾರಿಯ ಕೆಳಗಿನ ನೆಲ

ಈಗ ನೆಲದ ವಿಷಯಕ್ಕೆ ಬರೋಣ. ನಮ್ಮ ಭಾಗದ ವಾಚಕರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ಬೈಲಹೊಂಗಲದ ಎರೆಹೊಲದಲ್ಲಿ ಚಕ್ಕಡಿ ಹಾಯ್ದ ಜಾಡಿನ ಮೇಲೆ ಜೋಳ ಸರಿಯಾಗಿ ಏಳುವದಿಲ್ಲವೆಂಬದನ್ನು ಪ್ರತಿಯೊಬ್ಬ ಒಕ್ಕಲಿಗನೂ ಬಲ್ಲನು. ಬೀಜ ಅದೇ, ಮಳೆ ಅದೇ, ಗೊಬ್ಬರ ಅದೇ. ಆದರೂ ಆ ಎರಡು ಗೆರೆಗಳಲ್ಲಿ ಬೆಳೆ ಸೊರಗುತ್ತದೆ. ಆರೋಗ್ಯವುಳ್ಳ ಮಣ್ಣಿನಲ್ಲಿ ಕಣ-ಕಣಗಳ ನಡುವೆ ಸಣ್ಣ ಸಣ್ಣ ಪೊಳ್ಳುಗಳಿರುತ್ತವೆ. ಮಳೆಯ ನೀರು ಇಳಿಯುವದು ಆ ಪೊಳ್ಳುಗಳಲ್ಲಿ. ಬೇರು ಉಸಿರಾಡುವದೂ ಅಲ್ಲಿಯೇ. ಚಕ್ರದ ಭಾರಕ್ಕೆ ಅವು ಮುಚ್ಚಿಕೊಳ್ಳುತ್ತವೆ. ಬಳಿಕ ನೀರು ಇಳಿಯದೆ ಮೇಲೆಯೇ ಹರಿದು ಹೋಗುತ್ತದೆ. ಹರಿಯುವಾಗ ಮೇಲ್ಮಣ್ಣನ್ನೂ ಒಯ್ಯುತ್ತದೆ.

ಉದ್ಯಾನದಲ್ಲಿ ನಡೆಯುವದೂ ಇದೇ. ಮರದ ಆಹಾರವನ್ನು ಹೀರುವ ಸೂಕ್ಷ್ಮ ಬೇರುಗಳಲ್ಲಿ ಬಹುಪಾಲು ನೆಲದ ಮೇಲಿನ ಒಂದೆರಡು ಅಡಿಗಳಲ್ಲಿಯೇ ಹರಡಿರುತ್ತವೆ. ಅವು ಕೊಂಬೆಗಳ ನೆರಳನ್ನು ದಾಟಿಯೂ ದೂರ ಹೋಗಿರುತ್ತವೆ. ಆದ್ದರಿಂದ ದಾರಿಯ ಪಕ್ಕದಲ್ಲಿ ವಾಹನ ನಿಲ್ಲಿಸಿದ ನೆಲವು ಮರದ ಬುಡದಿಂದ ಹತ್ತಾರು ಅಡಿ ದೂರವಿದ್ದರೂ ಮರಕ್ಕೆ ಅದು ದೂರವಲ್ಲ. ಬುಡದ ಸುತ್ತ ಕಾಂಕ್ರೀಟು ಹಾಕಿದರೆ ಬೇರಿಗೆ ಗಾಳಿ ತಪ್ಪುತ್ತದೆ. ಚರಂಡಿಗಾಗಿ, ತಂತಿಗಾಗಿ ಅಗೆದು ಬೇರನ್ನು ಕಡಿದರೆ ಮರದ ನೆಲಹಿಡಿತವೇ ಸಡಿಲುತ್ತದೆ. ಅಂಥ ಮರವು ಮುಂಗಾರಿನ ಮೊದಲ ಬಿರುಗಾಳಿಗೆ ಉರುಳಿದಾಗ ನಾವು ಗಾಳಿಯನ್ನು ದೂರುತ್ತೇವೆ.

ಇನ್ನು ದಾರಿಯು ಮಾಡುವ ಇನ್ನೊಂದು ಹಾನಿಯು ಕಣ್ಣಿಗೆ ಕಾಣುವಂಥದಲ್ಲ. ಅದು ನೆಲೆಯನ್ನು ತುಂಡರಿಸುತ್ತದೆ. ಹಾರುವ ಹಕ್ಕಿಗೆ 30 ಅಡಿಯ ಡಾಂಬರು ದೊಡ್ಡದಲ್ಲ. ಆದರೆ ಕಪ್ಪೆ, ಹಾವುರಾಣಿ, ನೆಲದ ಜೀರುಂಡೆ ಮೊದಲಾದವುಗಳಿಗೆ ಅದು ಹೊಳೆಯನ್ನು ದಾಟಿದಷ್ಟು ಕಷ್ಟ. ಒಂದು ದೊಡ್ಡ ತೋಪು ನಾಲ್ಕು ಚಿಕ್ಕ ತುಂಡುಗಳಾದಾಗ ಎಕರೆಗಳ ಲೆಕ್ಕದಲ್ಲಿ ಹೆಚ್ಚಿನ ನಷ್ಟವಿಲ್ಲ. ಆದರೆ ಪ್ರತಿ ತುಂಡಿನ ಅಂಚಿನಲ್ಲಿಯೂ ಬಿಸಿಲು, ಧೂಳು, ಸಪ್ಪಳಗಳು ಒಳನುಗ್ಗುವದರಿಂದ ನಡುವಣ ತಂಪಾದ ಭಾಗವೇ ಇಲ್ಲವಾಗುತ್ತದೆ. ರಾತ್ರಿಯ ದೀಪಗಳ ಮಾತೂ ಹೀಗೆಯೇ. ಕತ್ತಲೆಯೂ ಪತಂಗಗಳಿಗೆ, ಬಾವಲಿಗಳಿಗೆ, ಕೊಂಬೆಯ ಮೇಲೆ ಮಲಗುವ ಹಕ್ಕಿಗಳಿಗೆ ನೆಲೆಯ ಒಂದು ಅಂಗವೇ ಆಗಿದೆ.

ನೀರಿನ ದಾರಿಯನ್ನೂ ಇಲ್ಲಿ ನೆನೆಯಬೇಕು. ಉದ್ಯಾನದ ದಕ್ಷಿಣಕ್ಕೆ ಹಿಂದೆ ಸಂಪಂಗಿ ಕೆರೆಯಿತ್ತು. ಇಂದು ಆ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಉದ್ಯಾನದೊಳಗೆ ಉಳಿದಿರುವ ಕರಗದ ಕುಂಟೆಯು ಬೆಂಗಳೂರು ಕರಗದ ಆಚರಣೆಯೊಡನೆ ಸಂಬಂಧವುಳ್ಳದ್ದು. ಸ್ಯಾಂಕಿಯ ನಕಾಶೆಗಿಂತ ಹಳೆಯದಾದ ಜನಜೀವನದ ಕುರುಹು ಈ ನೆಲದಲ್ಲಿದೆಯೆಂಬದಕ್ಕೆ ಇದು ಸಾಕ್ಷಿ. ಈಚಿನ ವರ್ಷಗಳಲ್ಲಿ ಉದ್ಯಾನದ ಹಲವು ಹಳೆಯ ಬಾವಿಗಳ ಹೂಳನ್ನು ತೆಗೆಸಿ, ಮಳೆನೀರು ಇಂಗುವ ಹೊಸ ಬಾವಿಗಳನ್ನೂ ತೋಡಿಸಲಾಯಿತು. ಈ ಕೆಲಸದಲ್ಲಿ ಬಾವಿ ತೋಡುವದನ್ನು ಕುಲಕಸುಬಾಗಿ ಉಳ್ಳ ಮಣ್ಣು ವಡ್ಡರ ಕೈಚಳಕವು ಉಪಯೋಗಕ್ಕೆ ಬಂದಿತೆಂಬದು ಸಮಾಧಾನದ ಸಂಗತಿ. ಆದರೆ ಬಾವಿಯಲ್ಲಿ ನೀರು ನಿಲ್ಲಬೇಕಾದರೆ ಸುತ್ತಲಿನ ನೆಲ ನೀರು ಕುಡಿಯಬೇಕು. ಬಾವಿಯನ್ನು ತೋಡಿ ನೆಲವನ್ನು ಮುಚ್ಚಿಟ್ಟರೆ ಬಂದ ಫಲ ಅಷ್ಟಕ್ಕಷ್ಟೆ.

4. ರವಿವಾರದ ಉದ್ಯಾನ

2015ರಿಂದ ಕಬ್ಬನ್ ಪಾರ್ಕಿನ ಒಳದಾರಿಗಳನ್ನು ರವಿವಾರಗಳಂದು ವಾಹನಗಳಿಗೆ ಮುಚ್ಚುವ ಏರ್ಪಾಡು ಆರಂಭವಾಯಿತು. ಕ್ರಮೇಣ ಕೆಲವು ಶನಿವಾರಗಳಿಗೂ ರಜೆಯ ದಿನಗಳಿಗೂ ಅದನ್ನು ವಿಸ್ತರಿಸಲಾಯಿತು. ಶನಿವಾರದ ವಿಷಯವು ಒಂದಕ್ಕಿಂತ ಹೆಚ್ಚು ಸಲ ವಾದಕ್ಕೂ ಗುರಿಯಾಯಿತು. 2020ರಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಊರೇ ಸ್ತಬ್ಧವಾದಾಗ ದಾರಿಗಳು ಕೆಲ ಕಾಲ ಬರಿದಾಗಿದ್ದವು. ಅವನ್ನು ಕಾಯಮಾಗಿ ಹಾಗೆಯೇ ಬಿಡಬೇಕೆಂಬ ಬೇಡಿಕೆಯೂ ಆಗ ಬಲವಾಗಿ ಕೇಳಿಬಂದಿತು. ಆದರೆ ಕೆಲಸದ ದಿನಗಳ ಸಂಚಾರವು ಮರಳಿ ಬಂದಿತು.

ಹೊರಗಿನ ನಿದರ್ಶನವೊಂದು ಇಲ್ಲಿ ಬೋಧಪ್ರದವಾಗಿದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗಾಗಿ ಓಮ್‌ಸ್ಟೆಡ್ ಹಾಗೂ ವಾಕ್ಸ್ ಎಂಬವರು 1858ರಲ್ಲಿ ಸಿದ್ಧಪಡಿಸಿದ ಯೋಜನೆಯಲ್ಲಿ ಒಂದು ವಿಶೇಷವಿತ್ತು. ಊರಿನ ಗಾಡಿಗಳು ಉದ್ಯಾನವನ್ನು ಅಡ್ಡಲಾಗಿ ದಾಟಲೇಬೇಕಾಗುವದೆಂದು ಅವರು ಮೊದಲೇ ಊಹಿಸಿದರು. ಅದಕ್ಕಾಗಿ ನಾಲ್ಕು ಅಡ್ಡದಾರಿಗಳನ್ನು ನೆಲದ ಮಟ್ಟಕ್ಕಿಂತ ಕೆಳಗೆ ಇಳಿಸಿ ಕಟ್ಟಿದರು. ಮೇಲೆ ನಡೆಯುವವನಿಗೆ ಕೆಳಗಿನ ಗಾಡಿ ಕಾಣಬಾರದು. ವಿಹಾರದ ಸಾರೋಟಿಗೆ, ಕುದುರೆ ಸವಾರನಿಗೆ, ಕಾಲ್ನಡಿಗೆಯವನಿಗೆ ಬೇರೆ ಬೇರೆ ದಾರಿಗಳನ್ನು ಕೊಟ್ಟರು. ಇಷ್ಟಾಗಿಯೂ ಇಪ್ಪತ್ತನೆಯ ಶತಮಾನದಲ್ಲಿ ವಿಹಾರದ ದಾರಿಗಳನ್ನು ಮೋಟಾರುಗಳು ಆಕ್ರಮಿಸಿದವು. 1960ರ ದಶಕದಲ್ಲಿ ವಾರದ ಕೊನೆಯ ದಿನಗಳಿಗೆ ಮಾತ್ರ ಅವನ್ನು ತಡೆಯುವ ಕ್ರಮ ಆರಂಭವಾಯಿತು. ಎಲ್ಲ ದಿನಗಳಿಗೂ ಅದು ಅನ್ವಯವಾದದ್ದು 2018ರ ಜೂನ್ ತಿಂಗಳಲ್ಲಿ. ಅಲ್ಲಿ ರವಿವಾರದಿಂದ ಸೋಮವಾರಕ್ಕೆ ಬರಲು ಅರ್ಧ ಶತಮಾನ ಹಿಡಿಯಿತು. ಊರಿನ ಗಾಡಿಗಳು ಕೆಳಗಿನ ನಾಲ್ಕು ಅಡ್ಡದಾರಿಗಳಲ್ಲಿ ಇಂದಿಗೂ ಓಡುತ್ತಿವೆ ಎಂಬದನ್ನೂ ಮರೆಯಬಾರದು. ಅಂಥ ಅಡ್ಡದಾರಿಗಳಿಲ್ಲದ ಕಬ್ಬನ್ ಪಾರ್ಕಿನಲ್ಲಿ ಆ ಭಾರವನ್ನು ಕಸ್ತೂರಬಾ ರಸ್ತೆ, ಅಂಬೇಡ್ಕರ್ ಬೀದಿ ಮೊದಲಾದ ಸುತ್ತಲಿನ ರಸ್ತೆಗಳೇ ಹೊರಬೇಕಾಗುವದು.

ರವಿವಾರದ ಏರ್ಪಾಡನ್ನು ನಾನು ಕಿರಿದಾಗಿ ಕಾಣುವದಿಲ್ಲ. ಉದ್ಯಾನವು ಏತಕ್ಕಾಗಿ ಇದೆಯೆಂಬದನ್ನು ಅದು ಜನರಿಗೆ ವಾರಕ್ಕೊಮ್ಮೆ ನೆನಪಿಸಿಕೊಟ್ಟಿತು. ಆದರೆ ಮಣ್ಣಿಗೆ ರವಿವಾರವೆಂಬದಿಲ್ಲ. ಡಾಂಬರಿನ ಕೆಳಗಿನ ನೆಲವು ರಜೆಯ ದಿನವೂ ನೀರು ಕುಡಿಯುವದಿಲ್ಲ. ಒತ್ತಿ ಗಟ್ಟಿಯಾದ ಮಣ್ಣು ಒಂದು ದಿನದ ಬಿಡುವಿನಲ್ಲಿ ಸಡಿಲುವದಿಲ್ಲ. ಫಲಕವನ್ನು ಅಡ್ಡವಿಡುವದರಿಂದ ಸಂಚಾರ ನಿಲ್ಲಬಹುದು. ನೆಲೆಯು ಮರಳಿ ಬರಬೇಕಾದರೆ ದಾರಿಯ ಅಗಲವೂ ಮೈಯೂ ಬದಲಾಗಬೇಕು. ನನ್ನ ವಿದ್ಯಾರ್ಥಿಗೆ ಅಂದು ಹೇಳಬೇಕಾಗಿದ್ದ ಮಾತು ಇದು.

5. ಯಾವ ವರ್ಷದ ಉದ್ಯಾನ?

ಪುನಃಸ್ಥಾಪನೆಯೆಂದ ಕೂಡಲೆ, “ಯಾವ ಕಾಲದ ಸ್ಥಿತಿಗೆ?” ಎಂದು ಇತಿಹಾಸದ ವಿದ್ಯಾರ್ಥಿಯು ಕೇಳಲೇಬೇಕು. 1870ರ ಸ್ಥಿತಿಗೆ ಹೋಗಬೇಕೆಂದರೆ 1906ರಲ್ಲಿ ನಿಲ್ಲಿಸಿದ ವಿಕ್ಟೋರಿಯಾ ರಾಣಿಯ ಪ್ರತಿಮೆಯನ್ನೂ, ಇಂದು ಗ್ರಂಥಾಲಯವಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವನ್ನೂ ತೆಗೆಯಬೇಕಾದೀತು. ಅದಕ್ಕೂ ಹಿಂದಿನ ಸ್ಥಿತಿಗೆ ಹೋಗಬೇಕೆಂದರೆ ತೋಟವೇ ಇರಲಾರದು.

ಗಿಡಮರಗಳ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚು. ಸಿಲ್ವರ್ ಓಕ್ ಮರವು ಆಸ್ಟ್ರೇಲಿಯದ್ದು, ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರ, ಜಕರಂದ, ತಬೂಬಿಯಾಗಳು ಅಮೇರಿಕ ಖಂಡದವು. ಇವೆಲ್ಲ ಹೊರಗಿನವೆಂದು ಕಡಿದು ಹಾಕಿ ದೇಶೀಯ ಗಿಡಗಳನ್ನೇ ನೆಡಬೇಕೆಂಬ ಆಗ್ರಹವನ್ನು ಕೆಲವರಲ್ಲಿ ಕಾಣುತ್ತೇವೆ. ಇದು ಇತಿಹಾಸಕ್ಕೂ ಒಪ್ಪುವದಿಲ್ಲ, ಜೀವಿಗಳಿಗೂ ಹಿತವಲ್ಲ. ನೂರು ವರ್ಷದ ಮರವು ಎಲ್ಲಿಂದ ಬಂದಿದ್ದರೂ ಅದರ ಪೊಟರೆಯಲ್ಲಿ ಗಿಳಿ ಗೂಡುಕಟ್ಟಿದೆ. ಅದರ ಎತ್ತರದ ಕೊಂಬೆಗೆ ಹೆಜ್ಜೇನು ಕಟ್ಟುತ್ತದೆ. ಆದ್ದರಿಂದ ನಿಂತ ಮರವನ್ನು ಉಳಿಸಬೇಕು. ವಯಸ್ಸಾಗಿ ಬಿದ್ದ ಮರದ ಜಾಗದಲ್ಲಿ ಏನನ್ನು ನೆಡಬೇಕೆಂಬ ಪ್ರಶ್ನೆ ಬಂದಾಗ ಮಾತ್ರ ಆಲ, ಅತ್ತಿ, ನೇರಳೆ, ಹೊಂಗೆಗಳಂಥ ಈ ನೆಲದ ಮರಗಳ ಕಡೆಗೆ ಒಲವಿರಬೇಕು. ಒಂದು ಅತ್ತಿಯ ಮರ ಹಣ್ಣಾದಾಗ ಕೋಗಿಲೆ, ಕುಟ್ರು ಹಕ್ಕಿ, ಬಾವಲಿಗಳಿಗೆಲ್ಲ ಅನ್ನಸತ್ರವೇ ತೆರೆದಂತಾಗುವದು.

ನಿಜವಾದ ಕೊರತೆಯಿರುವದು ಮರಗಳಲ್ಲಲ್ಲ. ಮರಕ್ಕೂ ನೆಲಕ್ಕೂ ನಡುವೆ. ನಮ್ಮ ಉದ್ಯಾನಗಳಲ್ಲಿ ಮೇಲೆ ದೊಡ್ಡ ಮರ, ಕೆಳಗೆ ಕತ್ತರಿಸಿದ ಹುಲ್ಲು ಅಥವಾ ಬರಿ ಮಣ್ಣು. ನಡುವಣ ಪೊದೆ, ಬಳ್ಳಿ, ಸಸಿಗಳ ಪದರವೇ ಇರುವದಿಲ್ಲ. ಚಿಟ್ಟೆಯು ಹೂವಿನಿಂದಷ್ಟೇ ಬದುಕಲಾರದು. ಅದರ ಹುಳು ತಿನ್ನುವ ಎಲೆಯೂ ಬೇಕು. ಎಕ್ಕೆಯ ಗಿಡ, ಕರಿಬೇವು, ನಿಂಬೆಯ ಜಾತಿಯ ಗಿಡಗಳು ಇಂಥ ಎಲೆಯನ್ನು ಒದಗಿಸುತ್ತವೆ. ಉದುರಿದ ತರಗೆಲೆಯನ್ನು ದಿನಾಲು ಗುಡಿಸಿ ಒಯ್ದರೆ ಮಣ್ಣಿನ ಆಹಾರವನ್ನೇ ಕಸಿದುಕೊಂಡಂತೆ. ಬಿದ್ದ ದಿಮ್ಮಿಯೊಂದನ್ನು ಮೂಲೆಯಲ್ಲಿ ಕೊಳೆಯಲು ಬಿಟ್ಟರೆ ಅಣಬೆ, ಗೆದ್ದಲು, ಹಲ್ಲಿ, ಮರಕುಟಿಗಗಳ ಸಂಸಾರ ಅಲ್ಲಿ ನಡೆಯುತ್ತದೆ. ಇದಕ್ಕೆ ಹಣ ಬೇಕಾಗಿಲ್ಲ. ನೋಡುವವನು ಇದನ್ನು ಹೊಲಸೆಂದು ಭಾವಿಸದಿದ್ದರೆ ಸಾಕು.

6. ದಾರಿಯ ಹೊಸ ವಿನ್ಯಾಸ

ಹಾಗಾದರೆ ದಾರಿಯನ್ನು ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಕ್ರಮವು ಹೀಗಿರಬೇಕು.

ಮೊದಲನೆಯದಾಗಿ, ಹಳೆಯ ನಕಾಶೆಗಳನ್ನು ಇಂದಿನ ನಕಾಶೆಯೊಡನೆ ಹೋಲಿಸಿ, ಮೂಲ ವಿನ್ಯಾಸದ ದಾರಿಗಳು ಯಾವವು, ಅನಂತರದ ಅನುಕೂಲತೆಗಾಗಿ ಸೇರಿಸಿದವು ಹಾಗೂ ಅಗಲಿಸಿದವು ಯಾವವು ಎಂಬದನ್ನು ಗೊತ್ತುಪಡಿಸಬೇಕು. ಇದು ಇತಿಹಾಸಕಾರನ ಕೆಲಸ. ಇಂಜಿನಿಯರನು ಬರುವ ಮೊದಲೇ ಆಗಬೇಕಾದುದು. ಮೂಲ ದಾರಿಯ ಬಾಗು-ಬಳುಕುಗಳು ಸ್ಯಾಂಕಿಯ ಕೃತಿ. ಒಂದು ಕಟ್ಟಡವನ್ನು ಉಳಿಸಿದಂತೆ ಅದನ್ನೂ ಉಳಿಸಬೇಕು. ಆಮೇಲೆ ಸೇರಿದ ಅಗಲವನ್ನು ನೆಲಕ್ಕೆ ಮರಳಿ ಕೊಡಬಹುದು.

ಎರಡನೆಯದಾಗಿ, ದಾರಿಯ ಗೆರೆಯನ್ನು ಉಳಿಸಿ ಅದರ ಮೈಯನ್ನು ಬದಲಿಸಬೇಕು. ಡಾಂಬರಿನ ಬದಲು ನೀರು ಇಳಿಯುವಂಥ ಹಾಸು, ಅಂಚಿನ ಕಲ್ಲುಗಳ ನಡುವೆ ಮಳೆನೀರು ತೋಪಿನೊಳಗೆ ಹರಿಯಲು ಕಿಂಡಿಗಳು, ತಗ್ಗಿನಲ್ಲಿ ಇಂಗುಗುಂಡಿಗಳು ಇರಬೇಕು. ಕಿತ್ತು ತೆಗೆದ ಭಾಗದ ಗಟ್ಟಿ ಮಣ್ಣನ್ನು ಸಡಿಲಿಸುವಾಗ ಬೇರಿದ್ದಲ್ಲಿ ಯಂತ್ರವನ್ನು ಹಚ್ಚದೆ ಕೈಯಿಂದಲೇ ಅಗೆದು, ಮೇಲೆ ತರಗೆಲೆ ಹರಡಿ, ಒಂದೆರಡು ಮಳೆಗಾಲ ಸುಮ್ಮನೆ ಬಿಡಬೇಕು. ಮರದ ಬುಡದ ಸುತ್ತ ಹೊಸ ಮಣ್ಣನ್ನು ಏರಿಸಲೂಬಾರದು, ಇದ್ದುದನ್ನು ಕೆರೆಯಲೂಬಾರದು.

ಮೂರನೆಯದಾಗಿ, ಹಾಯುವ ವಾಹನವನ್ನು ಬರುವ ವಾಹನದಿಂದ ಬೇರ್ಪಡಿಸಬೇಕು. ಒಂದು ದ್ವಾರದಿಂದ ಒಳಬಂದ ವಾಹನವು ಅದೇ ದ್ವಾರದಿಂದ ಹೊರಗೆ ಹೋಗುವಂತಾದರೆ ಅಡ್ಡದಾರಿಯಾಗಿ ಉಪಯೋಗಿಸುವವರು ತಾವಾಗಿಯೇ ಕಡಿಮೆಯಾಗುವರು. ಗ್ರಂಥಾಲಯಕ್ಕೆ, ಬಾಲಭವನಕ್ಕೆ ಬರುವವರಿಗೆ ಅಡ್ಡಿಯಾಗುವದಿಲ್ಲ. ರೋಗಿಗಳ ಗಾಡಿಗೂ ಬೆಂಕಿ ಆರಿಸುವ ಗಾಡಿಗೂ ಯಾವಾಗಲೂ ದಾರಿಯಿರಬೇಕು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ಹಗುರಾಗಿ ತೆಗೆದುಕೊಳ್ಳಲಾಗದು. ಒಳಗೆ ಮುಚ್ಚಿದರೆ ಹೊರಗಿನ ರಸ್ತೆಗಳಲ್ಲಿ ಗದ್ದಲ ಹೆಚ್ಚುವದು. ಅಲ್ಲಿ ವಾಸಿಸುವವರೂ ಮನುಷ್ಯರೇ. ವಯಸ್ಸಾದವರು, ಅಂಗವಿಕಲರು ದೂರ ನಡೆಯಲಾರರು. ದೂರದ ಜಿಲ್ಲೆಯಿಂದ ಕೋರ್ಟಿನ ಕೆಲಸಕ್ಕೆ ಬಂದ ಬಡ ಕಕ್ಷಿದಾರನಿಗೆ ಸುತ್ತಿನ ದಾರಿಯ ರಿಕ್ಷಾ ಬಾಡಿಗೆಯೂ ಭಾರವೇ. ಇವಕ್ಕೆ ಉತ್ತರ ಇಲ್ಲದಿಲ್ಲ. ದಾರಿಯೊಂದು ಮುಚ್ಚಿದಾಗ ಅದರ ಮೇಲಿನ ಗಾಡಿಗಳೆಲ್ಲ ಪಕ್ಕದ ದಾರಿಗೆ ಬಂದು ಬೀಳುವದಿಲ್ಲ. ಕೆಲವರು ಹೊತ್ತು ಬದಲಿಸುತ್ತಾರೆ, ಕೆಲವರು ವಾಹನವನ್ನೇ ಬದಲಿಸುತ್ತಾರೆ ಎಂಬದು ಹಲವು ನಗರಗಳ ಅನುಭವ. 2016ರಲ್ಲಿ ಉದ್ಯಾನದ ಅಂಚಿನಲ್ಲಿಯೇ ನೆಲದೊಳಗಿನ ಮೆಟ್ರೋ ನಿಲ್ದಾಣವು ತೆರೆದಿದೆ. ಅಲ್ಲಿಂದ ನಡೆಯಲಾರದವರಿಗಾಗಿ ಬ್ಯಾಟರಿಯ ಸಣ್ಣ ಗಾಡಿಗಳನ್ನು ಇಡಬಹುದು. ಆದರೂ ತೊಂದರೆಯೇ ಇಲ್ಲವೆಂದು ಹೇಳುವದು ಪ್ರಾಮಾಣಿಕತೆಯಲ್ಲ. ತೊಂದರೆಯಿದೆ, ಅದನ್ನು ಯಾರು ಎಷ್ಟು ಹೊರಬೇಕೆಂಬದನ್ನು ಕೂಡಿ ನಿರ್ಧರಿಸಬೇಕು. ಇಂದು ಆ ಭಾರವನ್ನೆಲ್ಲ ಮಾತಾಡಲಾರದ ಮರಗಳೇ ಹೊತ್ತಿವೆ.

7. ನಮ್ಮ ಭಾಗಕ್ಕೆ ಇದರ ಪ್ರಯೋಜನ

ಬೆಂಗಳೂರಿನ ಉದ್ಯಾನದ ಮಾತು ನಮಗೇತಕ್ಕೆ ಎಂದು ವಾಚಕರು ಕೇಳಬಹುದು. ನಮ್ಮಲ್ಲಿ ಕಬ್ಬನ್ ಪಾರ್ಕಿಲ್ಲ; ಆದರೆ ಊರ ನಡುವೆ ಉಳಿದ ಐತಿಹಾಸಿಕ ನೆಲವಿದೆ. 1824ರ ಅಕ್ಟೋಬರ 23ರಂದು ಥ್ಯಾಕರೆಯ ದಂಡು ಸೋತದ್ದು ಕಿತ್ತೂರಿನ ಕೋಟೆಯ ಮುಂದೆ. ಆ ಕೋಟೆಯ ಒಡಲಲ್ಲಿ ಅರಮನೆಯ ಗೋಡೆಗಳೊಡನೆ ಮಣ್ಣಿದೆ, ಹುಲ್ಲಿದೆ, ಮರಗಳಿವೆ. ಸುತ್ತ ಕಂದಕದ ಕುರುಹಿದೆ. ಬೈಲಹೊಂಗಲದಲ್ಲಿ, 1829ರಲ್ಲಿ ಸೆರೆಯಲ್ಲಿಯೇ ಕಣ್ಣು ಮುಚ್ಚಿದ ರಾಣಿ ಚೆನ್ನಮ್ಮನ ಸಮಾಧಿಯಿದೆ. ರಟ್ಟರ ಸುಗಂಧವರ್ತಿಯಾಗಿದ್ದ ಸವದತ್ತಿಯಲ್ಲಿ ದೇಸಾಯರ ಕಾಲದ ಕೋಟೆಯಿದೆ. 1948ರವರೆಗೆ ಸಂಸ್ಥಾನದ ರಾಜಧಾನಿಯಾಗಿದ್ದ ರಾಮದುರ್ಗವು ಮಲಪ್ರಭೆಯ ದಂಡೆಯ ಮೇಲಿದೆ. ಇಂಥ ಕಡೆಗಳಲ್ಲೆಲ್ಲ ಅಭಿವೃದ್ಧಿಯೆಂದರೆ ಮೊದಲು ಬಾಗಿಲವರೆಗೆ ಅಗಲವಾದ ರಸ್ತೆ, ಬಳಿಕ ಗಾಡಿ ನಿಲ್ಲಿಸುವ ಗಟ್ಟಿ ಅಂಗಳ, ಆಮೇಲೆ ಉಳಿದ ಜಾಗಕ್ಕೆ ಹಾಸುಗಲ್ಲು ಎಂಬ ತಿಳಿವಳಿಕೆ ಬೇರೂರಿದೆ. ಉತ್ಸವಕ್ಕೆ ಬರುವ ಸಾವಿರಾರು ಜನರಿಗೆ ಅನುಕೂಲತೆ ಬೇಕು, ನಿಜ. ಆದರೆ ಮೂರು ದಿನದ ಉತ್ಸವಕ್ಕಾಗಿ ವರ್ಷದ 365 ದಿನವೂ ನೆಲವನ್ನು ಮುಚ್ಚಿಡಬೇಕೆ?

ಬೆಂಗಳೂರು 150 ವರ್ಷಗಳ ಮೇಲೆ ತಿದ್ದಲು ಹೆಣಗುತ್ತಿರುವ ತಪ್ಪನ್ನು ಮಾಡದೆ ಇರುವ ಅವಕಾಶ ನಮಗಿನ್ನೂ ಇದೆ. ವಾಹನವನ್ನು ಕೋಟೆಯಿಂದ ಕೂಗಳತೆಯ ದೂರದಲ್ಲಿಯೇ ನಿಲ್ಲಿಸಿ, ಅಲ್ಲಿಂದ ನೆರಳಿನ ಕಾಲುದಾರಿಯಲ್ಲಿ ಜನರನ್ನು ನಡೆಸಬಹುದು. ನಡೆಯಲಾರದವರಿಗೆ ಬೇರೆ ಏರ್ಪಾಡು ಮಾಡಬಹುದು. ಅದಕ್ಕೂ ಮೊದಲು ಆ ನೆಲದ ಬಗೆಗೆ ನಮಗೆ ತಿಳಿದಿರಬೇಕು. ನಮ್ಮ ಕಾಲೇಜುಗಳ ಇತಿಹಾಸ ಹಾಗೂ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಕೂಡಿ ಒಂದೊಂದು ಸ್ಥಳದ ನಕಾಶೆ ಬರೆದು, ಯಾವ ದಾರಿ ಯಾವ ಕಾಲದ್ದು, ಯಾವ ಮರ ಎಲ್ಲಿದೆ, ಮಳೆಯ ನೀರು ಎತ್ತ ಹರಿಯುತ್ತದೆ ಎಂಬಷ್ಟನ್ನು ಗುರುತಿಸಿಟ್ಟರೂ ಸಾಕು. ನಾಳೆ ರಸ್ತೆಯ ಯೋಜನೆ ಬಂದಾಗ ಮುಂದಿಡಲು ಒಂದು ಕಾಗದವಾದರೂ ನಮ್ಮ ಕೈಯಲ್ಲಿರುವದು.

ಅಂದು ಪ್ರಶ್ನೆ ಕೇಳಿದ ಹುಡುಗನು ಇಂದು ಮತ್ತೆ ಭೇಟಿಯಾದರೆ, ಖರೇ ತೋಟವು ರವಿವಾರದ್ದೂ ಅಲ್ಲ, ಮಂಗಳವಾರದ್ದೂ ಅಲ್ಲ ಎಂದು ಅವನಿಗೆ ಹೇಳುವೆನು. ಯಾವ ದಿನ ಹೋದರೂ ನೀರು ಕುಡಿಯುವ ನೆಲವಿದ್ದಲ್ಲಿ ಅದು ಇರುತ್ತದೆ. ಬಳಿಕ ಅವನನ್ನು ಕಿತ್ತೂರಿನ ಕೋಟೆಗೆ ಕರೆದುಕೊಂಡು ಹೋಗಿ, ಅಳತೆಯ ಪಟ್ಟಿಯ ಒಂದು ತುದಿಯನ್ನು ಅವನ ಕೈಗೆ ಕೊಡುವೆನು.